ಹಚ್ಚೆ ತೆಗೆಯುವ ಕೆಲಸ

ನಾನು ಚರ್ಮದ ಡಾಕ್ಟರು. ಊರು ಧಾರವಾಡ, ಪುಣೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊಡವೆ, ಗಜಕರ್ಣ, ತೊನ್ನು, ಉದುರುವ ಕೂದಲು, ಇವೇ ನನ್ನ ದಿನದ ಕೆಲಸ. ನಡುವೆ ವಾರಕ್ಕೆ ಮೂರೋ ನಾಲ್ಕೋ ಜನ ಹಚ್ಚೆ ತೆಗೆಸಿಕೊಳ್ಳಲು ಬರುತ್ತಾರೆ. ಹೆಚ್ಚಿನವರು ಹುಡುಗರು. ಮುಂಗೈ ಮೇಲೆ ಒಬ್ಬಳ ಹೆಸರು, ಈಗ ಮದುವೆ ಇನ್ನೊಬ್ಬಳ ಜೊತೆ. ಇಲ್ಲವೇ ತೋಳಿನ ಮೇಲೊಂದು ಚೇಳು, ಈಗ ಸೈನ್ಯದ ಭರ್ತಿಗೆ ಹೋಗಬೇಕು. ಸೈನ್ಯಕ್ಕೆ ಸೇರುವವರಿಗೆ ಮೊಳಕೈ ಒಳಭಾಗದಿಂದ ಮಣಿಕಟ್ಟಿನವರೆಗೆ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಹಚ್ಚೆಗೆ ಅವಕಾಶ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ಬುಡಕಟ್ಟು ಸಮುದಾಯದವರಿಗೆ ಅವರ ಪದ್ಧತಿಯಂತೆ ಮುಖದ ಮೇಲೋ ಮೈಮೇಲೋ ಹಚ್ಚೆ ಇದ್ದರೆ ವಿನಾಯಿತಿ ಕೊಡಬಹುದು. ಆ ಒಂದು ಸಾಲನ್ನು ನಾನು ಫೋನಿನಲ್ಲಿ ಉಳಿಸಿಕೊಂಡಿದ್ದೇನೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹುಡುಗರ ವಿಷಯದಲ್ಲಿ ನನಗೆ ಯೋಚನೆಯಿಲ್ಲ. ಹಾಕಿಸಿಕೊಂಡವನು ಅವನೇ, ತೆಗೆಸಿಕೊಳ್ಳುವವನೂ ಅವನೇ, ದುಡ್ಡು ಮಾತ್ರ ಅಪ್ಪನದು. ಆದರೆ ತಿಂಗಳಿಗೆ ಒಬ್ಬರೋ ಇಬ್ಬರೋ ಬೇರೆ ಥರದವರು ಬರುತ್ತಾರೆ. ಹಣೆಯ ನಡುವೆ ಮೂರು ಚುಕ್ಕೆ, ಗದ್ದದ ಮೇಲೊಂದು, ಕೆಲವರಿಗೆ ಹುಬ್ಬಿನ ಮೂಲೆಯಲ್ಲಿ ಸಣ್ಣ ಗೀಟು. ಮೇಳಘಾಟದ ಕೊರ್ಕೂಗಳು, ವಿದರ್ಭದ ಕಾಡಿನಂಚಿನ ಗೊಂಡರು, ಮಧ್ಯಪ್ರದೇಶದಿಂದ ಕಟ್ಟಡದ ಕೆಲಸಕ್ಕೆ ಬಂದವರು. ಹೆಚ್ಚಾಗಿ ಹೆಂಗಸರು, ಅದರಲ್ಲೂ ಓದಲಿಕ್ಕೋ ನೌಕರಿಗೋ ನಗರಕ್ಕೆ ಬಂದ ಹುಡುಗಿಯರು. ಅವರು ಬಂದಾಗ ನನ್ನ ಮೆಷಿನ್ನು ತಕ್ಷಣ ಆನ್ ಆಗುವುದಿಲ್ಲ. ಈ ಬರಹ ಆ ತಡದ ಬಗ್ಗೆ. (ರೋಗಿಗಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಹಚ್ಚೆ ಚರ್ಮದಲ್ಲಿ ಹೇಗೆ ನಿಲ್ಲುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ನನಗೆ ಅದು ಈಗಲೂ ಬೆರಗಿನ ಸಂಗತಿ. ಚರ್ಮದ ಮೇಲ್ಪದರ ಸುಮಾರು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಅಲ್ಲಿ ಏನೇ ಬರೆದರೂ ಮೆಹಂದಿಯ ಹಾಗೆ ಹೊರಟುಹೋಗುತ್ತದೆ. ಸೂಜಿ ಅದನ್ನು ದಾಟಿ ಕೆಳಗಿನ ಪದರಕ್ಕೆ ಮಸಿ ಇಳಿಸಬೇಕು. ಹಾಗೆ ಇಳಿದ ಮಸಿಯನ್ನು ಮೈ ಅಲಂಕಾರ ಎಂದು ತಿಳಿಯುವುದಿಲ್ಲ, ಕಳ್ಳ ನುಗ್ಗಿದ ಎಂದೇ ತಿಳಿಯುತ್ತದೆ. ಕಾವಲಿನ ಜೀವಕೋಶಗಳು ಓಡಿ ಬಂದು ಮಸಿಯ ಕಣಗಳನ್ನು ನುಂಗುತ್ತವೆ. ನುಂಗಿದ್ದು ಅರಗುವುದಿಲ್ಲ, ಹೊಟ್ಟೆಯಲ್ಲಿ ಮಸಿ ಇಟ್ಟುಕೊಂಡು ಅಲ್ಲೇ ಕೂತುಬಿಡುತ್ತವೆ. 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ, ಆ ಕಾವಲು ಕೋಶಗಳನ್ನು ಬೇಕೆಂದೇ ಸಾಯಿಸಿ ನೋಡಿದರು. ಹಚ್ಚೆ ಮಾಸಲಿಲ್ಲ. ಸತ್ತ ಕೋಶದಿಂದ ಹೊರಬಿದ್ದ ಮಸಿಯನ್ನು ಹೊಸದಾಗಿ ಬಂದ ಕೋಶಗಳು ಮತ್ತೆ ನುಂಗಿಕೊಂಡವು. ಅಂದರೆ ಮುದುಕಿಯೊಬ್ಬಳ ಕೈಮೇಲೆ ಅರವತ್ತು ವರ್ಷದಿಂದ ಇರುವ ತುಳಸಿಕಟ್ಟೆಯನ್ನು ಅವಳ ಮೈ ತಲೆಮಾರಿನಿಂದ ತಲೆಮಾರಿಗೆ ಕೈ ಬದಲಿಸುತ್ತ ಕಾಪಾಡಿಕೊಂಡು ಬಂದಿದೆ.

ಲೇಸರ್ ಮಾಡುವುದು ಇಷ್ಟೇ: ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗದಷ್ಟು ಹೊತ್ತು ಬೆಳಕನ್ನು ಹೊಡೆದು ಮಸಿಯ ಕಣವನ್ನು ಚೂರು ಮಾಡುತ್ತದೆ. ಚೂರುಗಳನ್ನು ಸಾಗಿಸುವುದು ಮತ್ತೆ ಮೈಯ ಕೆಲಸವೇ. ಆರೆಂಟು ವಾರ ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ. ನಮ್ಮ ಗೋಧಿಬಣ್ಣದ, ಎಣ್ಣೆಗೆಂಪಿನ ಚರ್ಮದಲ್ಲಿ ಒಂದು ಅಪಾಯವಿದೆ. ಚರ್ಮದ ಸ್ವಂತ ಬಣ್ಣವೂ ಆ ಬೆಳಕನ್ನು ಕುಡಿಯುತ್ತದೆ. ಅವಸರ ಮಾಡಿದರೆ ಕಪ್ಪು ಚುಕ್ಕೆ ಹೋದ ಜಾಗದಲ್ಲಿ ಅದೇ ಆಕಾರದ ಬಿಳಿ ಕಲೆ ಉಳಿಯುತ್ತದೆ. ಚೂರಾದ ಮಸಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಅದರಲ್ಲಿ ಒಂದು ಪಾಲು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ನಿಲ್ಲುತ್ತದೆ. ಕೈಗೆ ಹಚ್ಚೆ ಇರುವವರ ಕಂಕುಳಿನ ಗ್ರಂಥಿಗಳು ಆಪರೇಷನ್ ಟೇಬಲ್ಲಿನ ಮೇಲೆ ಕಪ್ಪಗೆ ಕಾಣುವುದು ಸರ್ಜನ್ನರಿಗೆ ಹೊಸದಲ್ಲ.

ನೀವು ಚೆನ್ನೈಯಲ್ಲಿದ್ದರೆ ಇದನ್ನು ಪಚ್ಚೈ ಅನ್ನುವುದನ್ನು ಕೇಳಿರುತ್ತೀರಿ, ಹೈದರಾಬಾದಿನಲ್ಲಿದ್ದರೆ ಪಚ್ಚಬೊಟ್ಟು. ನಮ್ಮ ಹಚ್ಚೆಯೂ ಅದೇ ಬಳಗದ ಮಾತು. ಪಚ್ಚೆ ಎಂದರೆ ಹಸಿರು. ಹಾಕುವುದು ಕಪ್ಪು ಮಸಿ, ಹೆಸರು ಹಸಿರಿನದು. ಇದಕ್ಕೆ ಕಾರಣ ಚರ್ಮದ ಒಳಗಿದೆ. ಆಳದಲ್ಲಿರುವ ಕಪ್ಪಿನ ಮೇಲೆ ಚರ್ಮದ ತೆಳುಪದರ ಕೂತಾಗ ಕೆಂಪು ಬೆಳಕು ಒಳಗೆ ಇಳಿದು ಕಪ್ಪಿನಲ್ಲಿ ಕರಗುತ್ತದೆ, ನೀಲಿಯ ಕಡೆಯ ಬೆಳಕು ಚದುರಿ ಹೊರಗೆ ಬರುತ್ತದೆ. ಗೋಧಿಬಣ್ಣದ ಮೈಯಲ್ಲಿ ಅದು ಹಸಿರಾಗಿ ಕಾಣುತ್ತದೆ. ಹಿಂದಿಯ ಗೋದನಾ, ಮರಾಠಿಯ ಗೊಂದಣ ಚುಚ್ಚುವ ಕೈಯನ್ನು ನೋಡಿ ಇಟ್ಟ ಹೆಸರುಗಳು. ಇಂಗ್ಲಿಷರಿಗೆ ಇದಕ್ಕೊಂದು ಸರಿಯಾದ ಮಾತೇ ಇರಲಿಲ್ಲ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ತಹೀತಿಗೆ ಹೋದಾಗ ಅಲ್ಲಿಯವರ ‘ತತಾವ್’ ಅನ್ನುವುದನ್ನು ಬರೆದುಕೊಂಡು ಬಂದರು, ಅದೇ ಟ್ಯಾಟೂ ಆಯಿತು. ಮಾತನ್ನು ತಂದ ಹಡಗುಗಳ ಹಿಂದೆಯೇ ಆ ಕಲೆಯನ್ನು ಪಾಪವೆಂದು ಬಿಡಿಸುವ ಪಾದ್ರಿಗಳ ಹಡಗುಗಳೂ ಹೋದವು.

ಹಳೆಯ ಹಚ್ಚೆಗಳೆಲ್ಲ ಬಹುಮಟ್ಟಿಗೆ ಮಸಿಯವೇ, ಅಂದರೆ ಇಂಗಾಲ. ಹಾಗಾಗಿ ನನ್ನ ಲೇಸರಿಗೆ ಅವು ಸುಲಭದ ತುತ್ತು. ಇವತ್ತಿನ ಪಾರ್ಲರಿನ ಹಳದಿ, ತಿಳಿ ಹಸಿರುಗಳೇ ಹಠ ಮಾಡುವುದು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಜಿ ಎಂಬ ಮನುಷ್ಯನ ಮೈಮೇಲೆ 61 ಗೀಟುಗಳಿವೆ. ಬಹಳಷ್ಟು ಸೊಂಟ, ಮಂಡಿ, ಕಣಕಾಲಿನ ಸುತ್ತಲೇ ಇವೆ. ನೋವಿದ್ದ ಕಡೆ ಹಾಕಿಸಿಕೊಂಡಿರಬೇಕು ಎಂದು ಹಲವರು ಊಹಿಸುತ್ತಾರೆ. ಮಧ್ಯಪ್ರದೇಶದ ಬೈಗಾ ಮುದುಕಿಯರೂ ಮಂಡಿಯ ಹಚ್ಚೆ ತೋರಿಸಿ ಇದೇ ಮಾತು ಹೇಳುತ್ತಾರೆ.

ಬೈಗಾಗಳ ಸೀಮೆಗೆ ನಾನು ಹೋದದ್ದು ಚರ್ಮರೋಗದ ಶಿಬಿರಕ್ಕೆ, ದಿಂಡೋರಿ ಜಿಲ್ಲೆಗೆ. ಮೂರು ದಿನ ಕಜ್ಜಿ, ಹುಳುಕಡ್ಡಿ ನೋಡುವುದೇ ಆಯಿತು. ಆದರೆ ಪ್ರತಿ ಹೆಂಗಸು ಸೆರಗು ಸರಿಸಿದಾಗಲೂ ನನ್ನ ಕಣ್ಣು ರೋಗದ ಮೇಲೆ ನಿಲ್ಲುತ್ತಿರಲಿಲ್ಲ. ಹಣೆಯ ನಡುವೆ ಇಂಗ್ಲಿಷಿನ ವೀ ಅಕ್ಷರದಂಥ ಗುರುತು, ಅದರ ಸುತ್ತ ಚುಕ್ಕೆಗಳು. ಬೆನ್ನು, ತೋಳು, ತೊಡೆ, ಕಾಲು, ಎಲ್ಲ ಕಡೆ ಸಾಲು ಸಾಲು ಗೀಟು, ಕೋನ. ಹಣೆಯದು ಹುಡುಗಿ ಎಂಟು–ಹತ್ತು ವರ್ಷದವಳಿದ್ದಾಗ ಬರುತ್ತದೆ, ಉಳಿದವು ವಯಸ್ಸಾದಂತೆ ಒಂದೊಂದಾಗಿ. ಗಂಡಸರಿಗಿಲ್ಲ. ಹಾಕುವವರು ಬೈಗಾಗಳಲ್ಲ, ಬಾದಿ ಎಂಬ ಬೇರೆ ಸಮುದಾಯದ ಹೆಂಗಸರು. ನಮ್ಮ ಕಡೆ ಊರೂರು ತಿರುಗುವ ಕೊರವಂಜಿಯರು ಹಚ್ಚೆ ಹಾಕುತ್ತಿದ್ದ ಹಾಗೆಯೇ, ಕಾಳು ಮತ್ತು ಒಂದಿಷ್ಟು ದುಡ್ಡಿಗೆ.

ಮಸಿ ಯಾವುದರದ್ದು ಎಂದು ಕೇಳಿದೆ. ರಾಮ್‌ತಿಲ್ ಎಂದರು. ತಂದು ತೋರಿಸಿದಾಗ ನನಗೆ ನಗು ಬಂತು: ಅದು ನಮ್ಮ ಗುರೆಳ್ಳು. ಧಾರವಾಡದಲ್ಲಿ ರೊಟ್ಟಿಯ ಜೊತೆ ಪುಡಿ ಮಾಡಿ ತಿನ್ನುವುದು, ಪುಣೆಯಲ್ಲಿ ಕಾರಳೆ ಎಂದು ಮಾರುವುದು, ಮೈಸೂರಿನ ಕಡೆಯವರ ಹುಚ್ಚೆಳ್ಳು. ಅದನ್ನು ಹುರಿದು ಕರಕು ಮಾಡಿ ಮಸಿ ತೆಗೆದು ಚುಚ್ಚುತ್ತಾರೆ.

ಅಲ್ಲಿ ಒಬ್ಬ ಹಿರಿಯ ಹೆಂಗಸು ನನ್ನ ಬರಿಗೈ ನೋಡಿ, ಬೆಳ್ಳಿ ಬಂಗಾರವನ್ನೆಲ್ಲ ಸತ್ತ ದಿನ ಸೊಸೆ ಬಿಚ್ಚಿಕೊಳ್ಳುತ್ತಾಳೆ, ನಿನ್ನ ಜೊತೆ ಏನು ಬರುತ್ತದೆ ಎಂದು ಕೇಳಿದಳು. ಇದು ಹಲವು ಕಡೆ ಕೇಳಿಬರುವ ಮಾತು. ಗುಜರಾತಿನ ರಬಾರಿಗಳಲ್ಲಿ ಇದೆ, ನಮ್ಮ ಹಳ್ಳಿಗಳಲ್ಲೂ ಇತ್ತು. ಕಂಕುಳಿನ ಗ್ರಂಥಿ ನೆನಪಿಗೆ ಬಂತು, ಹೇಳಲಿಲ್ಲ. ಅದೇ ಊರಿನ ಹೈಸ್ಕೂಲಿನ ಹುಡುಗಿಯರ ಹಣೆ ಮಾತ್ರ ಖಾಲಿ ಇತ್ತು. ಶಾಲೆಯಲ್ಲಿ ನಗುತ್ತಾರೆ ಎಂದರು. ನೋವಾಗುತ್ತದೆ ಎಂದೂ ಒಬ್ಬಳು ಹೇಳಿದಳು, ಎಲ್ಲರಿಗಿಂತ ಸಣ್ಣವಳು, ಬಹಳ ಸ್ಪಷ್ಟವಾಗಿ. ದಿಂಡೋರಿ ಜಿಲ್ಲೆಯ ಲಾಲ್‌ಪುರದ ಮಂಗಲಾ ಬಾಯಿ ಮರಾವಿ ಅವರು ಈ ವಿನ್ಯಾಸಗಳನ್ನು ಈಗ ಕ್ಯಾನ್ವಾಸಿನ ಮೇಲೆ ಬರೆಯುತ್ತಾರೆ. ಚರ್ಮ ಬಿಟ್ಟು ಬಟ್ಟೆಗೆ ಬಂದ ಮೇಲೆ ಅದು ಗ್ಯಾಲರಿಗೆ ಹೋಗಬಹುದು, ಯಾರೂ ನಗುವುದಿಲ್ಲ.

ನಗುವುದು ಅಂದೆ. ಹಚ್ಚೆಯ ಮೇಲಿನ ನಮ್ಮ ದೇಶದ ನಗುವಿಗೆ ಒಂದು ಹಳೆಯ ಸರಕಾರಿ ಕಡತವೂ ಇದೆ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ 1797ರ ಕಾನೂನಿನಡಿ ಜೀವಾವಧಿ ಕೈದಿಗಳ ಹಣೆಗೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚಿಸುತ್ತಿತ್ತು. ಅದಕ್ಕೆ ಬಳಸಿದ ಹೆಸರೂ ಗೋದನಾ. ಹೆಣ್ಣುಮಕ್ಕಳ ಚೆಲುವಿನ ಮಾತನ್ನೇ ಎತ್ತಿಕೊಂಡು ಕಳ್ಳನ ಹಣೆಗೆ ಹಚ್ಚಿದರು. ಕೈದಿಗಳು ಅದನ್ನು ಮುಚ್ಚಲು ಪೇಟವನ್ನು ಹುಬ್ಬಿನವರೆಗೆ ಎಳೆದು ಕಟ್ಟುತ್ತಿದ್ದರಂತೆ. 1849ರಲ್ಲಿ ಅದು ನಿಂತಿತು. ಹಣೆಯ ಗುರುತು ಎಂದರೆ ಏನೋ ಕಡಿಮೆಯವರು ಎಂಬ ನೋಟ ನಿಂತಿತೇ, ನನ್ನ ಕ್ಲಿನಿಕ್ಕಿನ ಬೆಂಚು ನೋಡಿದರೆ ಹಾಗನ್ನಿಸುವುದಿಲ್ಲ.

ಅರುಣಾಚಲದ ಜೀರೋ ಕಣಿವೆಯ ಅಪತಾನಿಗಳ ವಿಷಯದಲ್ಲಿ ಆ ನೋಟದ ಕೆಲಸ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿನ ಹಿರಿಯ ಹೆಂಗಸರ ಚಿತ್ರ ನೀವು ನೋಡಿರಬಹುದು: ಮೂಗಿನ ಎರಡೂ ಹೊಳ್ಳೆಗಳಲ್ಲಿ ಕಪ್ಪು ಬಿಲ್ಲೆ, ಹಣೆಯಿಂದ ಮೂಗಿನ ತುದಿಯವರೆಗೆ ಒಂದು ಗೀಟು, ಗದ್ದದ ಮೇಲೆ ಐದು ಗೀಟು. ಪಕ್ಕದ ಬುಡಕಟ್ಟಿನವರು ಹೊತ್ತೊಯ್ಯಬಾರದು ಎಂದು ತಮ್ಮ ಚೆಲುವೆಯರನ್ನು ಹೀಗೆ ಕುರೂಪ ಮಾಡಿದರು ಎಂಬ ಕತೆಯನ್ನು ಪ್ರವಾಸಿಗರಿಗೆಲ್ಲ ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. ಅಪತಾನಿ ಗಂಡಸರ ಗದ್ದಕ್ಕೂ ಹಚ್ಚೆ ಇದೆ. ಅವರನ್ನು ಯಾರು ಹೊತ್ತೊಯ್ಯುತ್ತಿದ್ದರು? ನೋಡುವವನಿಗೆ ವಿಚಿತ್ರ ಎನಿಸಿದ್ದನ್ನು, ಅದು ವಿಚಿತ್ರವಾಗಿರಲೆಂದೇ ಮಾಡಿದ್ದು ಎಂದು ಹೇಳಿಬಿಟ್ಟರೆ ನೋಡುವವನಿಗೆ ಸಮಾಧಾನ. ಇಂಥದ್ದೇ ಕತೆಯನ್ನು ಬರ್ಮಾದ ಚಿನ್ ಹೆಂಗಸರ ಮುಖದ ಹಚ್ಚೆಗೂ ಹೇಳುತ್ತಾರೆ. ಊರು ಬದಲು, ಹೊತ್ತೊಯ್ಯುವವನು ಬದಲು, ಕತೆ ಒಂದೇ.

1970ರ ದಶಕದಲ್ಲಿ ಇದನ್ನು ನಿಲ್ಲಿಸಿದ್ದು ಸರಕಾರವಲ್ಲ, ಪಾದ್ರಿಯಲ್ಲ, ಅಪತಾನಿ ಯುವಕರೇ. ಓದಲಿಕ್ಕೆ, ನೌಕರಿಗೆ ಕಣಿವೆಯಿಂದ ಹೊರಗೆ ಹೋದವರು ಮುಖದ ಗುರುತಿಗಾಗಿ ಅವಮಾನ ಪಟ್ಟು ಬಂದಿದ್ದರು. ಮುಂದಿನ ಮಕ್ಕಳಿಗೆ ಅದು ಬೇಡವೆಂದು ತಮ್ಮ ಸಂಘದಿಂದ ನಿಷೇಧ ತಂದರು. ಸಂಪ್ರದಾಯ ಕಳೆದುಹೋಯಿತು ಎಂದು ಮರುಗುವ ಫೋಟೋ ಪುಸ್ತಕಗಳು ಈ ಭಾಗವನ್ನು ಬೇಗ ದಾಟಿಬಿಡುತ್ತವೆ. (ಅಂಥ ಪುಸ್ತಕಗಳ ಹೆಸರಿನಲ್ಲಿ ‘ಕೊನೆಯ’ ಅನ್ನುವ ಮಾತು ಇರಲೇಬೇಕೆಂದು ಏನೋ ನಿಯಮ ಇರುವ ಹಾಗಿದೆ.) ನನಗೆ ಆ ಯುವಕರ ಮೇಲೆ ಸಿಟ್ಟು ಬರುವುದಿಲ್ಲ. ಅವರಿಗೆ ಬದಲಿಸಲು ಸಾಧ್ಯವಿದ್ದದ್ದು ತಮ್ಮ ತಂಗಿಯರ ಮುಖ ಮಾತ್ರ, ಹೊರಗಿನವರ ಕಣ್ಣನ್ನಲ್ಲ.

ಬೇಡವೆನ್ನುವ ಹಕ್ಕು ಎಷ್ಟು ದೊಡ್ಡದು ಎಂದು ಗೊತ್ತಾಗಬೇಕಾದರೆ ಥಾಯ್ಲೆಂಡಿನ ಕಯಾನ್ ಹೆಂಗಸರನ್ನು ನೋಡಬೇಕು. ಕುತ್ತಿಗೆಗೆ ಹಿತ್ತಾಳೆ ಸುರುಳಿ ತೊಡುವವರು ಅವರು. ಕುತ್ತಿಗೆ ಉದ್ದವಾಗುತ್ತದೆ ಎನ್ನುವುದು ಕಣ್ಣಿನ ಮೋಸ. ಕುತ್ತಿಗೆ ಇದ್ದಷ್ಟೇ ಇರುತ್ತದೆ. ಭಾರಕ್ಕೆ ಕೊರಳೆಲುಬು, ಮೇಲಿನ ಪಕ್ಕೆಲುಬು ಕೆಳಗಿಳಿಯುತ್ತವೆ. ಬರ್ಮಾದ ಯುದ್ಧದಿಂದ ಓಡಿಬಂದ ಈ ಕುಟುಂಬಗಳನ್ನು ಮೇ ಹಾಂಗ್ ಸೋನ್ ಜಿಲ್ಲೆಯ ಹಳ್ಳಿಗಳಲ್ಲಿ ಇರಿಸಿ, ನೋಡಲು ಬರುವವರಿಂದ ಟಿಕೆಟ್ ಹಣ ವಸೂಲಿ ಮಾಡುವುದು ಶುರುವಾಯಿತು. ಕೆಲವರಿಗೆ ನ್ಯೂಜಿಲೆಂಡ್, ಫಿನ್ಲೆಂಡಿನಲ್ಲಿ ನೆಲೆ ಸಿಗುವ ಅವಕಾಶ ಬಂದಾಗ ಥಾಯ್ಲೆಂಡ್ ಹೊರಹೋಗಲು ಅನುಮತಿಯನ್ನೇ ಕೊಡಲಿಲ್ಲ. 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಇದನ್ನು ಬಹಿರಂಗವಾಗಿ ಹೇಳಿತು, ಪ್ರವಾಸಿಗರು ಅಲ್ಲಿಗೆ ಹೋಗಬಾರದು ಎಂಬ ಸೂಚನೆಯೂ ಬಂತು. ಆ ಹೊತ್ತಿಗೆ ಜೆಂಬರ್ ಎಂಬ ಯುವತಿ ಪ್ರತಿಭಟನೆಯಾಗಿ ತನ್ನ ಸುರುಳಿಯನ್ನೇ ಬಿಚ್ಚಿಟ್ಟಿದ್ದಳು. ಅವಳ ಅಜ್ಜಿಯ ಕಾಲಕ್ಕೆ ಅದು ಒಡವೆ. ಅವಳ ಕಾಲಕ್ಕೆ ಅದೇ ಹಿತ್ತಾಳೆ ಟಿಕೆಟ್ಟಿನ ಬೆಲೆ.

ಮುಚ್ಚಿಹೋದದ್ದು ತಿರುಗಿ ಬಂದ ಊರುಗಳೂ ಇವೆ. ಉತ್ತರ ಧ್ರುವದ ಇನುಯಿಟ್ ಹೆಂಗಸರು ಸೀಲ್ ಕೊಬ್ಬಿನ ದೀಪದ ಮಸಿಯಲ್ಲಿ ಪ್ರಾಣಿಯ ನರದ ದಾರವನ್ನು ಅದ್ದಿ, ಸೂಜಿಯಿಂದ ಬಟ್ಟೆ ಹೊಲಿದ ಹಾಗೆ ಚರ್ಮದಡಿ ಎಳೆಯುತ್ತಿದ್ದರು. ಹಚ್ಚೆಯಿಲ್ಲದ ಹೆಣ್ಣಿಗೆ ಸತ್ತ ಮೇಲೆ ಒಳ್ಳೆಯ ಲೋಕವಿಲ್ಲ ಎಂಬ ನಂಬಿಕೆ ಅಲ್ಲೂ ಇತ್ತು. ದಿಂಡೋರಿಯ ಮುದುಕಿಗೆ ಇದು ಕೇಳಿದರೆ ಆಶ್ಚರ್ಯವಾಗಲಾರದು. ಗ್ರೀನ್‌ಲೆಂಡಿನಲ್ಲಿ 1972ರಲ್ಲಿ ಸಿಕ್ಕ ಸುಮಾರು ಐನೂರು ವರ್ಷ ಹಿಂದಿನ ಶವಗಳಲ್ಲಿ ಆರು ಹೆಂಗಸರಿದ್ದರು. ಚರ್ಮ ಒಣಗಿ ಕಪ್ಪಾಗಿದ್ದರಿಂದ ಮೊದಲು ಏನೂ ಕಾಣಲಿಲ್ಲ. ಇನ್‌ಫ್ರಾರೆಡ್ ಫೋಟೋ ತೆಗೆದಾಗ ಐವರ ಮುಖದ ಮೇಲೆ ಗೀಟುಗಳು ಎದ್ದು ಬಂದವು. ಮಿಷನರಿಗಳು ಬಂದ ಮೇಲೆ ಕಳೆದ ಶತಮಾನದಲ್ಲಿ ಈ ಕಲೆ ಹೆಚ್ಚುಕಡಿಮೆ ನಿಂತೇಹೋಗಿತ್ತು. ಕೆನಡಾದ ಅಲೆಥಿಯಾ ಆರ್ನಾಕುಕ್-ಬರಿಲ್ 2010ರಲ್ಲಿ ಅದರ ಮೇಲೊಂದು ಸಾಕ್ಷ್ಯಚಿತ್ರ ಮಾಡಿದರು, ತಾವೂ ಮುಖಕ್ಕೆ ಹಚ್ಚೆ ಹಾಕಿಸಿಕೊಂಡರು. 2016ರಲ್ಲಿ ಏಂಜೆಲಾ ಹೊವಾಕ್ ಜಾನ್‌ಸ್ಟನ್ ಕುಗ್ಲುಕ್ಟುಕ್ ಎಂಬ ಊರಿನಲ್ಲಿ ಹೆಂಗಸರನ್ನು ಸೇರಿಸಿ ಅವರ ಅಜ್ಜಿಯರ ಗೀಟುಗಳನ್ನು ಮತ್ತೆ ಹಾಕಿದರು.

ಮಾವೊರಿಗಳದು ಇನ್ನೂ ಉದ್ದದ, ಹೆಚ್ಚು ರಕ್ತದ ಕತೆ. ನ್ಯೂಜಿಲೆಂಡಿನ ಈ ಮೂಲನಿವಾಸಿಗಳ ಮುಖದ ಹಚ್ಚೆಗೆ ಮೊಕೊ ಎನ್ನುತ್ತಾರೆ. ಹಳೆಯ ಮೊಕೊ ಚುಚ್ಚುವ ಕೆಲಸವಲ್ಲ, ಕೆತ್ತುವ ಕೆಲಸ. ಮೂಳೆಯ ಉಳಿಯನ್ನು ಸಣ್ಣ ಕೊಡತಿಯಿಂದ ಹೊಡೆದು ಮುಖದಲ್ಲಿ ಗೆರೆ ತೋಡಿ ಮಸಿ ತುಂಬುವುದು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೆರೆ ಸಿಗಬೇಕು, ಮರದ ಬಾಗಿಲ ಕೆತ್ತನೆಯ ಹಾಗೆ. ಒಬ್ಬನ ಮೊಕೊ ಇನ್ನೊಬ್ಬನಿಗಿಲ್ಲ. ವಂಶ, ಸ್ಥಾನ ಎಲ್ಲ ಅದರಲ್ಲಿ. 1840ರಲ್ಲಿ ಬ್ರಿಟಿಷರ ಜೊತೆ ವೈತಾಂಗಿ ಒಪ್ಪಂದವಾದಾಗ ಕೆಲವು ಮುಖಂಡರು ತಮ್ಮ ಮೊಕೊದ ಒಂದು ಭಾಗವನ್ನೇ ಸಹಿಯಾಗಿ ಬರೆದರು. ಹೆಂಗಸರಿಗೆ ತುಟಿ ಮತ್ತು ಗದ್ದದ ಮೇಲೆ ಮೊಕೊ ಕವಾಯಿ.

ದೊಡ್ಡವರು ಸತ್ತಾಗ ಅವರ ತಲೆಯನ್ನು ಹೊಗೆಯಲ್ಲಿ ಒಣಗಿಸಿ ಗೌರವದಿಂದ ಕಾಪಿಡುವ ಪದ್ಧತಿ ಇತ್ತು. ಯುರೋಪಿನ ವ್ಯಾಪಾರಿಗಳಿಗೆ ಈ ತಲೆಗಳು ಬೇಕಾದವು, ಮಾವೊರಿಗಳಿಗೆ ಬಂದೂಕು ಬೇಕಿತ್ತು. ಕೊನೆಗೆ ಸೆರೆಸಿಕ್ಕವರ ಮುಖಕ್ಕೆ ಮಾರಾಟಕ್ಕೆಂದೇ ಮೊಕೊ ಹಾಕಿಸಿ ಕೊಲ್ಲುವವರೆಗೆ ಹೋಯಿತು. ನನ್ನ ಕಸುಬಿನಲ್ಲಿ ಚರ್ಮದ ಬಗ್ಗೆ ಏನೇನೋ ಓದಿದ್ದೇನೆ, ಇಷ್ಟು ಕೆಟ್ಟದ್ದನ್ನು ಓದಿಲ್ಲ. 1831ರಲ್ಲಿ ನ್ಯೂ ಸೌತ್ ವೇಲ್ಸಿನ ಗವರ್ನರ್ ರಾಲ್ಫ್ ಡಾರ್ಲಿಂಗ್ ಈ ವ್ಯಾಪಾರವನ್ನು ನಿಷೇಧಿಸಿದ. ಅಷ್ಟರಲ್ಲಿ ಎಷ್ಟೋ ತಲೆಗಳು ಯುರೋಪು, ಅಮೆರಿಕದ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳಿಗೆ ಸೇರಿದ್ದವು. ನ್ಯೂಜಿಲೆಂಡಿನ ತೆ ಪಾಪಾ ಮ್ಯೂಸಿಯಂ 2003ರಿಂದ ಅವುಗಳನ್ನು ವಾಪಸು ತರುವ ಕೆಲಸವನ್ನೇ ಒಂದು ವಿಭಾಗ ಮಾಡಿ ನಡೆಸುತ್ತಿದೆ. 2011ರಲ್ಲಿ ಫ್ರಾನ್ಸಿನ ರುವಾನ್ ನಗರದಿಂದ ಒಂದು ಬಂತು. ಅದಕ್ಕಾಗಿ ಅಲ್ಲಿನ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. 2014ರಲ್ಲಿ ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಿಂದ ಒಮ್ಮೆಗೇ 35 ಬಂದವು.

ಇದಾದ ಮೇಲೆ ಎರಡು ಫೋಟೋ. 2016ರಲ್ಲಿ ಸಂಸದೆ ನನಾಯಿಯಾ ಮಹುತಾ ಗದ್ದಕ್ಕೆ ಮೊಕೊ ಕವಾಯಿ ಹಾಕಿಸಿಕೊಂಡರು. 2020ರಲ್ಲಿ ಅದೇ ಮುಖದಿಂದ ಆ ದೇಶದ ವಿದೇಶಾಂಗ ಮಂತ್ರಿಯಾದರು. 2021ರ ಡಿಸೆಂಬರಿನಲ್ಲಿ ಒರೀನಿ ಕೈಪರಾ ಗದ್ದದ ಮೇಲೆ ಮೊಕೊ ಇಟ್ಟುಕೊಂಡು ಸಂಜೆಯ ಮುಖ್ಯ ವಾರ್ತೆ ಓದಿದರು. ಈ ಎರಡೂ ಫೋಟೋಗಳು ನನ್ನ ಫೋನಿನಲ್ಲಿ, ಸೈನ್ಯದ ನಿಯಮದ ಆ ಸಾಲಿನ ಪಕ್ಕದಲ್ಲಿ ಇವೆ.

ಈಗ ನನ್ನ ಬೆಂಚಿಗೆ ಬರುತ್ತೇನೆ. ಸಾಂಗ್ಲಿ ಜಿಲ್ಲೆಯ ಜತ್ತ ಕಡೆ ಮನೆಮಾತು ಕನ್ನಡವೇ ಆಗಿರುವ ಹಳ್ಳಿಗಳಿವೆ. ಅಲ್ಲಿಂದ ಒಬ್ಬ ಹಿರಿಯ ಹೆಂಗಸನ್ನು ಮಗ ಕರೆತಂದಿದ್ದ. ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು, ಬೀಗರು ದೊಡ್ಡ ಮಂದಿ, ಅವ್ವನ ಹಣೆ ಮತ್ತು ಕೈ ಎರಡೂ ‘ಕ್ಲೀನ್’ ಆಗಬೇಕು ಎಂದು ಮರಾಠಿಯಲ್ಲಿ ಹೇಳಿದ. ನಾನು ಅವನನ್ನು ಹೊರಗೆ ಕಳಿಸಿ ಕನ್ನಡದಲ್ಲಿ ಕೇಳಿದೆ. ಆಕೆಯ ಮುಖ ಸಡಿಲಾಯಿತು.

‘ಹಣಿ ಮ್ಯಾಲಿಂದು ತಗೀರಿ ಅಕ್ಕಾರ. ಕೈಯಾಂದು ಮುಟ್ಟಬ್ಯಾಡ್ರಿ.’

‘ಯಾಕ್ರಿ ಅವ್ವಾರ?’

‘ಹಣೀದು ನಮ್ಮತ್ತಿ ಹಾಕಿಸಿದ್ದು. ಮದಿವ್ಯಾದ ವರ್ಷ, ನಾಕ ಮಂದಿ ಹಿಡದು ಕುಂಡ್ರಿಸಿ. ಹನ್ನೆರಡು ವರ್ಷದಾಕಿ ನಾನು, ಒದರ‍್ಯಾಡಿದೆ. ಕೈಯಾಂದು ನಾನಽ ಹಾಕಿಸಿಕೊಂಡಿದ್ದು, ಜಾತ್ರ್ಯಾಗ, ಯಾರಿಗೂ ಹೇಳದಽ. ನನ್ನ ಗೆಳತಿ ಕೈ ಮ್ಯಾಲೂ ಇಂಥಾದ್ದಽ ಐತಿ. ಐತಿ ಅಂದ್ರ, ಇತ್ತು.’

ಹಣೆಯದು ಮೂರು ಸರದಿಗೆ ಹೋಯಿತು. ಕೈಯದು ಮೆಷಿನ್ನಿಗೆ ಬಗ್ಗುವಂಥದ್ದಲ್ಲ ಎಂದು ಮಗನಿಗೆ ಹೇಳಿದೆ, ಅವನು ನಂಬಿದ. ಕೊನೆಯ ದಿನ ಆಕೆ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿಕೊಂಡು, ಐವತ್ತು ವರ್ಷ ಆ ಚುಕ್ಕೆಯ ಮೇಲೇ ಕುಂಕುಮ ಇಟ್ಟೆ, ಇನ್ನು ನಟ್ಟನಡು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ ಎಂದರು. ದುಃಖದಿಂದಲ್ಲ, ಅಡಿಗೆಮನೆಯ ಡಬ್ಬಿ ಜಾಗ ಬದಲಾದಾಗ ಹೇಳುವ ಹಾಗೆ.

ಪರಂಪರೆ ಉಳಿಸಬೇಕು ಎನ್ನುವವರಿಗೆ ಆಕೆಯ ಹಣೆಯೂ ಕೈಯೂ ಒಂದೇ. ಇದೆಲ್ಲ ಹಿಂದುಳಿದವರದು ಎನ್ನುವ ಮಗನಿಗೂ ಎರಡೂ ಒಂದೇ. ಲೇಸರಿಗೂ ಅಷ್ಟೇ, ಎರಡೂ ಇಂಗಾಲ. ನನಗಿರುವ ಹತ್ತು ನಿಮಿಷದಲ್ಲಿ ನಾನು ಮಾಡಬಹುದಾದದ್ದು ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳುವುದು: ಹಾಕಿಸಿದವರು ಯಾರು, ತೆಗೆಸುತ್ತಿರುವವರು ಯಾರು. ಉತ್ತರ ಯಾವಾಗಲೂ ಜತ್ತದ ಅವ್ವನ ಹಾಗೆ ನೆಟ್ಟಗೆ ಬರುವುದಿಲ್ಲ.

ಈ ವರ್ಷ ಬಂದ ಒಬ್ಬಳು ನರ್ಸಿಂಗ್ ಕೊನೆಯ ವರ್ಷದ ಹುಡುಗಿ, ಗೊಂಡ ಸಮುದಾಯದವಳು. ಹಣೆಯ ಮೇಲೆ ಮೂರು ಚುಕ್ಕೆ, ಗದ್ದದ ಮೇಲೆ ಒಂದು. ಹಾಕಿಸಿದವಳು ಅಜ್ಜಿ, ಆಗ ಇವಳಿಗೆ ಆರು ವರ್ಷ, ಅತ್ತದ್ದು ನೆನಪಿಲ್ಲ, ಆಮೇಲೆ ಕೊಟ್ಟ ಬೆಲ್ಲ ನೆನಪಿದೆ. ಅಜ್ಜಿ ಅಂದರೆ ಪ್ರಾಣ. ವಾರ್ಡಿನಲ್ಲಿ ರೋಗಿಗಳ ಕಡೆಯವರು ಇವಳ ಹಣೆ ನೋಡಿ, ಬೇರೆ ಸಿಸ್ಟರ್ ಇಲ್ಲವೇ ಎಂದು ಕೇಳುತ್ತಾರಂತೆ. ಇಂಜೆಕ್ಷನ್ ಹಿಡಿದು ನಿಂತಾಗ ಕೇಳುತ್ತಾರೆ. ನಾನು ಫೋನು ತೆಗೆದು ಸೈನ್ಯದ ನಿಯಮ ಓದಿದೆ, ಮಂತ್ರಿಯ ಫೋಟೋ ತೋರಿಸಿದೆ, ವಾರ್ತೆ ಓದುವವರ ಫೋಟೋ ತೋರಿಸಿದೆ. ಅವಳು ಎರಡನೆಯದನ್ನು ದೊಡ್ಡದು ಮಾಡಿ ಗದ್ದದ ಗೆರೆಗಳನ್ನು ನೋಡಿದಳು. ಚೆನ್ನಾಗಿದೆ ಎಂದಳು. ಆಮೇಲೆ ಫೋನು ವಾಪಸು ಕೊಡುತ್ತ, ‘ಇವರು ಟೀವಿಯಲ್ಲಿದ್ದಾರೆ ಮೇಡಂ, ನಾನು ಜನರಲ್ ವಾರ್ಡಿನಲ್ಲಿದ್ದೇನೆ’ ಎಂದಳು.

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಮಹುತಾ ಅವರ ಗದ್ದದ ಹಿಂದೆ 1867ರಿಂದ ಸಂಸತ್ತಿನಲ್ಲಿ ಮಾವೊರಿಗಳಿಗೆಂದೇ ಇರುವ ಸೀಟುಗಳಿವೆ, ಒಪ್ಪಂದ ಮುರಿದದ್ದನ್ನು ವಿಚಾರಿಸಲು 1975ರಲ್ಲಿ ಹುಟ್ಟಿದ ನ್ಯಾಯಮಂಡಳಿ ಇದೆ, ತಮ್ಮ ಭಾಷೆಯ ಶಾಲೆಗಳು, ತಮ್ಮದೇ ಟೀವಿ ಇದೆ. ಆ ಮೊಕೊ ನೋಡಿ ನಕ್ಕರೆ ನಕ್ಕವನಿಗೆ ಕಷ್ಟ. ಇವಳ ಹಿಂದೆ ಹಾಸ್ಟೆಲ್ಲಿನ ಒಂದು ಮಂಚ, ತೀರಿಸಬೇಕಾದ ಸಾಲ ಇದೆ. ಪೂರ್ವಿಕರ ಗುರುತನ್ನು ಹೊತ್ತು ನಡೆ ಎಂದು ಅವಳಿಗೆ ಹೇಳುವುದಕ್ಕೆ, ಖಾಲಿ ಹಣೆಯ, ಖಾಲಿ ಕೈಯ ನನಗೆ ಏನು ಅಧಿಕಾರ? ಬೆಲೆ ಕೊಡುವವಳು ಅವಳು.

ಶುರು ಮಾಡಿದೆವು. ಎರಡು ಸರದಿ ಆಗಿದೆ. ಹಣೆಯ ಅಕ್ಕಪಕ್ಕದ ಚುಕ್ಕೆಗಳು ಹೆಚ್ಚುಕಡಿಮೆ ಹೋಗಿವೆ, ನಡುವಿನದು ಆಳಕ್ಕಿಳಿದಿದೆ, ಇನ್ನೂ ಹಸಿರಾಗಿ ಕಾಣುತ್ತದೆ. ಗದ್ದದ್ದನ್ನು ಸದ್ಯಕ್ಕೆ ಮುಟ್ಟುವುದು ಬೇಡ, ಮಾಸ್ಕಿನ ಕೆಳಗೆ ಹೋಗುತ್ತದೆ, ಅಜ್ಜಿಗೆ ವಿಡಿಯೋ ಕಾಲ್ ಮಾಡುವಾಗ ಅದಾದರೂ ಇರಲಿ ಎಂದಿದ್ದಾಳೆ. ಹಣೆಯ ಬಗ್ಗೆ ಅಜ್ಜಿ ಕೇಳಿದರೆ ಏನು ಹೇಳುತ್ತೀ ಎಂದೆ. ಪರೀಕ್ಷೆ ಮುಗಿಯುವವರೆಗೆ ಕೂದಲು ಮುಂದಕ್ಕೆ ಬಿಟ್ಟಿದ್ದೇನೆ ಎಂದಳು. ಮುಂದಿನ ಸರದಿ ದೀಪಾವಳಿ ಆದ ಮೇಲೆ. ಬಿಸಿಲಿಗೆ ಹೋಗಬೇಡ, ಸನ್‌ಸ್ಕ್ರೀನ್ ಮರೆಯಬೇಡ, ಪಕ್ಕು ಕಟ್ಟಿದರೆ ಕೆರೆಯಬೇಡ ಎಂದು ಚೀಟಿಯಲ್ಲಿ ಬರೆದು ಕಳಿಸಿದ್ದೇನೆ.